ಎರಡನೇ ಸೈರನ್ನಿಗೆ ಬಿಚ್ಚುವ ಕೈ

ಅರವತ್ತನಾಲ್ಕನೇ ಇಸವಿಯ ದೀಪಾವಳಿ ಕಳೆದ ಮೇಲೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ ನೆಟ್ಟಗೆ ನಡೆಯುವವರೇ ಇಲ್ಲವಾದರು. ಹಾಲಿನವನು ಬಗ್ಗಿಕೊಂಡು ಬಂದು ಬಗ್ಗಿಕೊಂಡೇ ಹೋಗುತ್ತಿದ್ದ. ಮಗ್ಗಿ ಬಾರದ ಹುಡುಗರನ್ನು ಬಗ್ಗಿಸಿ ನಿಲ್ಲಿಸುತ್ತಿದ್ದ ಮೇಷ್ಟರು ಈಗ ತಾವೇ ಬಗ್ಗಿ ನಿಂತಿದ್ದರು. ಮೂರು ದಿನ ಸುಡುವ ಜ್ವರ, ಮೈಮೇಲೆ ಕೆಂಪು ಗಂದೆ, ಆಮೇಲೆ ಕೈಕಾಲಿನ ಒಂದೊಂದು ಗಿಣ್ಣಿಗೂ ಮೊಳೆ ಹೊಡೆದ ಹಾಗೆ ನೋವು. ಡಾಕ್ಟರು ಚೀಟಿಯಲ್ಲಿ ಏನು ಹೆಸರು ಗೀಚುತ್ತಿದ್ದರೋ ಯಾರಿಗೂ ತಿಳಿಯಲಿಲ್ಲ. ಜನ ಅದನ್ನು ಕೀಲುಜ್ವರ ಅಂದರು. ಸೊಳ್ಳೆಯಿಂದ ಬರುತ್ತದಂತೆ, ಮದ್ರಾಸಿನ ಕಡೆ ಆಗಲೇ ಊರೂರೇ ಮಲಗಿದೆಯಂತೆ ಎಂದು ಪೇಪರು ಓದುವವರು ಹೇಳಿದರು. ಅಷ್ಟು ಸಾಕಾಯಿತು, ಓಣಿಯ ದೊಡ್ಡ ಬಾಯಿಗಳು ತಮಿಳರ ಮೇಲೆ ತಿರುಗಿದವು. ಫೌಂಡ್ರಿಯ ಮುರುಗೇಶಪ್ಪ ಬಾಯಿಂದ ಬೀಡಿ ತೆಗೆದು ಕೇಳಿದ್ದ: "ಏನಪ್ಪಾ, ಸೊಳ್ಳೆಗೆ ನಾನು ಟಿಕೀಟು ತೆಗೆಸಿ ರೈಲಲ್ಲಿ ಕೂರಿಸ್ಕೊಂಡು ಬಂದ್ನಾ?"

ಆ ಫೌಂಡ್ರಿಯಲ್ಲೇ ಶಿವಯೋಗಪ್ಪನಿಗೂ ಕೆಲಸ. ಅವನಿಗಾಗ ಇಪ್ಪತ್ತೊಂದು ವರ್ಷ ವಯಸ್ಸು. ಏಳನೇ ಕ್ಲಾಸಿನಲ್ಲಿ ಮೇಷ್ಟರ ಕೈಯಿಂದ ಬೆತ್ತ ಕಿತ್ತು ಮುರಿದು, ಶಾಲೆಗೆ ಶರಣು ಹೊಡೆದು ಬಂದವನು. ಅಚ್ಚಿಗೆ ಮರಳು ತುಂಬುವುದು, ಕಾದ ಕಬ್ಬಿಣದ ಮುಂದೆ ಬೇಯುವುದು ಅವನ ಪಾಲಿಗೆ ಬಂದಿತ್ತು. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲಲ್ಲ, ಮೈತುಂಬ ಇತ್ತು. ಅಪ್ಪ ಉಜ್ಜನಪ್ಪ ಅದೇ ಕಾರ್ಖಾನೆಯ ತೂಕದ ಗುಮಾಸ್ತ. ಅವ್ವ ದಾಕ್ಷಾಯಣಮ್ಮ. ಅಣ್ಣ ವೀರಪ್ಪ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿಗೆ ಸೇರಿ, ಹೆಂಡತಿ ಜಗದಾಂಬಾ ಮತ್ತು ನಾಲ್ಕು ವರ್ಷದ ಮಗಳ ಜೊತೆ ಬಜಾರಿನ ಹಿಂದೆಯೇ ಬಾಡಿಗೆಗಿದ್ದ. ಹಾಗಾಗಿ ಓಲ್ಡ್ ಟೌನಿನ ಮನೆಯಲ್ಲಿ ಮೂರೇ ಜನ. ಮೂರೂ ಜನ ಒಂದೇ ವಾರ ಮಲಗಿದರು.

"ಅವ್ವಾ, ನೀರು."

"ನೀನೇ ತಗೊಳ್ಳೋ, ನಂಗೆ ಏಳಕ್ಕಾಗಲ್ಲ."

"ಅಪ್ಪಾಜಿ, ನೀವಾದ್ರೂ ಏಳಬಾರ್ದಾ?"

"ನಾನು ಎದ್ದು ಗಂಟೆ ಆಯ್ತು ಕಣೋ. ಮೊಣಕಾಲು ಇನ್ನೂ ಏಳಬೇಕು. ಅದಕ್ಕೆ ಕಾಯ್ತಾ ಕೂತಿದೀನಿ."

ನಗುವುದಕ್ಕೂ ನೋಯುತ್ತಿತ್ತು. ಆದರೂ ಮೂವರೂ ನಕ್ಕರು. ಒಂದೇ ಕೋಣೆಯಲ್ಲಿ ಮೂರು ಚಾಪೆ, ನಡುವೆ ಒಂದು ಬಿಂದಿಗೆ, ಯಾರಿಗೂ ಕೆಲಸವಿಲ್ಲ. ಅಷ್ಟು ಹೊತ್ತು ಮೂವರೂ ಜೊತೆಗಿದ್ದದ್ದು ಅದೇ ಮೊದಲು. ಅಪ್ಪಾಜಿ ತಮ್ಮ ಮದುವೆಯಲ್ಲಿ ಹೋಳಿಗೆ ಸಾಲದೆ ಬೀಗರು ಮುನಿಸಿಕೊಂಡ ಕಥೆಯನ್ನು ಜ್ವರದ ಬಾಯಲ್ಲಿ ಹೇಳಿದರು. ಮುಂದೆ ಎಷ್ಟೋ ವರ್ಷ, ಸುಖ ಅಂದರೆ ಯಾವುದು ಎಂದು ಯಾರಾದರೂ ಕೇಳಿದರೆ ಶಿವಯೋಗಪ್ಪನಿಗೆ ಆ ಮೂರು ಚಾಪೆಗಳೇ ಕಣ್ಣಿಗೆ ಬರುತ್ತಿದ್ದವು.

ನಾಲ್ಕನೇ ದಿನ ದಾಕ್ಷಾಯಣಮ್ಮ ಗೋಡೆ ಹಿಡಿದು ಎದ್ದಳು.

"ಮಲಕ್ಕೋ ಅವ್ವ. ಪಕ್ಕದ ಮನೆಯವರು ಗಂಜಿ ಕಳಿಸ್ತಾರೆ."

"ಎಷ್ಟು ದಿನ ಕಳಿಸ್ತಾರೆ? ಒಲೆ ತಣ್ಣಗಿದ್ರೆ ಮನೆಗೆ ಶ್ರೇಯಸ್ಸಲ್ಲ."

ಶ್ರೇಯಸ್ಸಂತೆ! ಕೋಣದಂಥ ಇಬ್ಬರು ಗಂಡಸರು ಚಾಪೆ ಮೇಲೆ ಉರುಳಿಕೊಂಡಿದ್ದರು. ಆ ಹೆಂಗಸು ಊದಿದ ಮಣಿಕಟ್ಟಿನಲ್ಲಿ ಒರಳುಕಲ್ಲು ತಿರುವಿದಳು. ಹುಣಸೆ ಕಿವುಚಲಾರದೆ ಅದನ್ನು ಬಟ್ಟೆಯಲ್ಲಿ ಕಟ್ಟಿ ಸೌಟಿನಿಂದ ಒತ್ತಿ ಸಾರು ಮಾಡಿದಳು. ಗಂಡಸರು ಎದ್ದು ಕೂತು ಉಂಡರು. ಉಪ್ಪು ಕಡಿಮೆ ಎಂದು ಉಜ್ಜನಪ್ಪ ಹೇಳಿದ್ದೂ ಉಂಟು.

ಹತ್ತು ದಿನಕ್ಕೆ ಶಿವಯೋಗಪ್ಪ ಕೆಲಸಕ್ಕೆ ಹೊರಟ. ಮೂರು ವಾರಕ್ಕೆ ಅಪ್ಪನೂ ಹೊರಟರು. ದಾಕ್ಷಾಯಣಮ್ಮನ ಕೈ ಮಾತ್ರ ಬೆಳಿಗ್ಗೆ ಬಿಚ್ಚುತ್ತಿರಲಿಲ್ಲ.

ಅದು ಎಲ್ಲರಿಗೂ ತಿಳಿಯುವುದಕ್ಕೆ ಕಾರಣ ಅವಳ ಪೂಜೆ. ಮದುವೆಯಾಗಿ ಬಂದಂದಿನಿಂದ ದಾಕ್ಷಾಯಣಮ್ಮ ಕೊರಳಿನ ಕರಡಿಗೆ ಬಿಚ್ಚಿ, ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡದೆ ಬಾಯಿಗೆ ನೀರು ಹಾಕಿದವಳಲ್ಲ. ಆಗ ಮನೆ ಮನೆಗೆ ಗಡಿಯಾರ ಎಲ್ಲಿತ್ತು? ಐದೂವರೆಗೆ ಕಾರ್ಖಾನೆಯ ಮೊದಲ ಸೈರನ್, ಏಳೂವರೆಗೆ ಎರಡನೆಯದು. ಊರು ಎದ್ದದ್ದು, ಉಂಡದ್ದು, ಹೆತ್ತದ್ದು ಎಲ್ಲಾ ಆ ಕೂಗಿನ ಲೆಕ್ಕದಲ್ಲೇ. ಮೊದಲೆಲ್ಲ ಮೊದಲನೇ ಸೈರನ್ನಿಗೆ ಅವಳ ಅಂಗೈ ಮೇಲೆ ಲಿಂಗ ಇರುತ್ತಿತ್ತು. ಈಗ ಮೊದಲನೆಯದು ಕೂಗಿದಾಗ ಬೆರಳುಗಳು ಹಕ್ಕಿಯ ಕಾಲಿನ ಹಾಗೆ ಮಡಚಿಕೊಂಡೇ ಇರುತ್ತಿದ್ದವು. ಬಿಸಿನೀರಲ್ಲಿ ಅದ್ದಿ, ಸೆರಗಿನಲ್ಲಿ ಒತ್ತಿ, ಒಂದೊಂದೇ ಬೆರಳು ಬಿಡಿಸಿಕೊಂಡು ಅಂಗೈ ಸಮವಾಗುವ ಹೊತ್ತಿಗೆ ಎರಡನೇ ಸೈರನ್ ಕೂಗುತ್ತಿತ್ತು.

"ಏನೇ, ನಿನ್ನ ಶಿವ ಇವತ್ತೂ ಜನರಲ್ ಶಿಫ್ಟಾ?" ಎಂದು ಉಜ್ಜನಪ್ಪ ರೇಗಿಸುತ್ತಿದ್ದರು.

"ಆಗ್ಲಿ ಬಿಡ್ರಿ. ನಿಮ್ಮಂಗೆ ಉಪ್ಪು ಕಡಿಮೆ ಅಂತ ಅವನೇನು ಬೈಯಲ್ಲ."

ತಿಂಗಳಾದ ಮೇಲೆ ಒಂದು ದಿನ ಅವಳಿಗೆ ಗುಳಿಗೆ ತರಲು ಶಿವಯೋಗಪ್ಪ ದವಾಖಾನೆಗೆ ಹೋದ. ಡಾಕ್ಟರು ಇರಲಿಲ್ಲ, ಕಂಪೌಂಡರ್ ಗಣಪಯ್ಯ ಇದ್ದ. ಐವತ್ತರ ಮೇಲಿನ ಮನುಷ್ಯ. ಜ್ವರ ಶುರುವಾದಾಗಿನಿಂದ ಒಂದು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಂದವರ ಹೆಸರೆಲ್ಲ ಬರೆದು, ಎದುರಿಗೆ ಕಡ್ಡಿ ಗೀರುತ್ತಿದ್ದ. ಯಾರೂ ಅವನಿಗೆ ಆ ಕೆಲಸ ಹೇಳಿರಲಿಲ್ಲ.

"ನಿಮ್ಮಮ್ಮನಿಗೆ ಯಾವ ಸೈರನ್ನಿಗೆ ಕೈ ಬಿಚ್ಚುತ್ತೆ?"

"ಎರಡನೇದಕ್ಕೆ."

"ಇನ್ನೂ ಎರಡನೇದಕ್ಕೇ? ಮೊದಲನೇ ವಾರ ಎಲ್ಲೆಲ್ಲಿ ಊದಿತ್ತು? ಮಣಿಕಟ್ಟು ಎರಡೂ? ಕಾಲಿನ ಹರಡೂ? ವಯಸ್ಸೆಷ್ಟು ಮಾರಾಯ, ನಲವತ್ತೆಂಟಾ, ಐವತ್ತಾ?"

ಹೇಳಿದ. ಗಣಪಯ್ಯ ಕನ್ನಡಕ ತೆಗೆದು ಒರೆಸಿದ.

"ನೋಡು, ನಾನು ಡಾಕ್ಟರಲ್ಲ. ಆದ್ರೆ ಕಣ್ಣಿದೆ. ನಿನ್ನಂಥ ಹುಡುಗರು ಹತ್ತು ದಿನಕ್ಕೆ ಏಳ್ತಾರೆ. ವಯಸ್ಸಾದೋರಿಗೆ, ಮೊದಲ ವಾರವೇ ಜಾಸ್ತಿ ಊದಿದೋರಿಗೆ, ತಿಂಗಳಾದ್ರೂ ಬೆಳಿಗ್ಗೆ ಕೈ ಬಿಚ್ಚದೋರಿಗೆ ಇದು ಬೇಗ ಬಿಡಲ್ಲ. ವೆಲ್ಲೂರಿನ ಆಸ್ಪತ್ರೇಲಿ ನಮ್ಮ ಭಾವ ಕೆಲಸಕ್ಕಿದಾನೆ, ಅವನೂ ಹಂಗೇ ಬರೆದಿದಾನೆ. ನಿಮ್ಮಮ್ಮನಿಗೆ ಒಂದು ವರ್ಷ ಅಂತೂ ಹಿಡಿಯುತ್ತೆ. ಜಾಸ್ತಿನೂ ಆಗಬಹುದು. ಪೂರಾ ಹೋಗದೇನೂ ಇರಬಹುದು. ಒರಳು, ಬಿಂದಿಗೆ ಮುಟ್ಟಿಸಬೇಡ. ಕೈಲಿ ಹಿಡಿದದ್ದು ಹೇಳದೆ ಕೇಳದೆ ಬಿದ್ದುಹೋಗುತ್ತೆ, ಆಯ್ತಾ?"

ಶಿವಯೋಗಪ್ಪನ ತಲೆಗೆ ಬೆಂಕಿ ಹತ್ತಿತು.

"ನೀವೇನು ಕಂಪೌಂಡರಾ, ಜೋಯಿಸರಾ? ಔಷಧಿ ಕೊಡಿ ಅಂದ್ರೆ ಶಾಪ ಕೊಡ್ತೀರಲ್ಲ! ನಂಗೆ ಬಂದಿಲ್ವಾ ಅದೇ ಜ್ವರ? ನಾನು ಫೌಂಡ್ರೀಲಿ ಬಾಣಲೆ ಎತ್ತುತ್ತಿಲ್ವಾ?"

"ನಿನ್ನ ಮೈ ಬೇರೆ, ಅವರ ಮೈ ಬೇರೆ ಕಣಪ್ಪ."

"ಗೋಡೆಗೆ ಹಾಕಿಕೊಳ್ಳಿ ನಿಮ್ಮ ಕ್ಯಾಲೆಂಡರ್ನ!"

ಗುಳಿಗೆ ಪೊಟ್ಟಣ ಕಸಿದುಕೊಂಡು ಬಂದ. ಮನೆಯಲ್ಲಿ ಅವ್ವ ಮೊರವನ್ನು ಮುಂಗೈ ಮೇಲೆ ಆನಿಸಿಕೊಂಡು ಅಕ್ಕಿ ಕೇರುತ್ತಿದ್ದಳು. ತಲೆ ಎತ್ತಿದಳು. ಆ ಮುಖದಲ್ಲಿ ಶಾಲೆಯ ಫಲಿತಾಂಶ ಕೇಳುವ ಮಕ್ಕಳ ಆಸೆ ಇತ್ತು.

"ಏನಂದ್ರೋ?"

"ಏನಂತಾರೆ. ಸಂಕ್ರಾಂತಿ ಹೊತ್ತಿಗೆ ಸರಿಹೋಗುತ್ತಂತೆ."

ಸುಳ್ಳು ಅಷ್ಟು ಸಲೀಸಾಗಿ ಬಂತು. ಹೇಳುವಾಗ ಅವನಿಗೆ ಅದು ಸುಳ್ಳು ಎನಿಸಲೂ ಇಲ್ಲ. ತನಗೆ ಹೋಯಿತು, ಅವ್ವನಿಗೂ ಹೋಗುತ್ತದೆ. ತನ್ನ ಮೈಯಿಂದಲೇ ಲೋಕ ಅಳೆದ. ಅವಳು ನಕ್ಕಳು.

"ಹಂಗಾದ್ರೆ ಹೊತ್ತಿಗೆ ಸರಿಯಾಯ್ತು. ಜಗದಾಂಬಂಗೆ ಪುಷ್ಯದಲ್ಲೇ ದಿನ. ತಾಯಿ ಇಲ್ಲದ ಹುಡುಗಿ, ನಾನು ಹೋಗದಿದ್ರೆ ಬಾಣಂತನ ಯಾರು ಮಾಡ್ತಾರೆ?"

ಅಂದಿನಿಂದ ಅವಳ ಕೈ ನಿಜವಾಗಿಯೂ ಸರಿಹೋದಂತೆ ಕಂಡಿತು. ಮೊದಲ ಸೈರನ್ ಕೂಗುವ ಮೊದಲೇ ಪೂಜೆ ಮುಗಿದಿರುತ್ತಿತ್ತು. ಎಲ್ಲರೂ ಏಳುವ ಹೊತ್ತಿಗೆ ಹಣೆಯಲ್ಲಿ ವಿಭೂತಿ, ಒಲೆಯಲ್ಲಿ ಉರಿ. "ನೋಡಿದ್ಯಾ, ಔಷಧಿ ಹಿಡಿಸ್ತು" ಎಂದು ಉಜ್ಜನಪ್ಪ ಖುಷಿಪಟ್ಟರು. ಅಕ್ಕಿರೊಟ್ಟಿ ಮಾತ್ರ ದಿನೇ ದಿನೇ ದಪ್ಪಗಾಯಿತು.

"ಇದೇನೇ, ರೊಟ್ಟಿನಾ ಕಂಬಳಿನಾ?"

"ಚಳಿ ಅಲ್ವೇನ್ರಿ, ಅರ್ಧ ತಿಂದು ಇನ್ನರ್ಧ ಹೊದ್ಕೊಳ್ಳಿ."

ಇಬ್ಬರು ಗಂಡಸರೂ ಬಿದ್ದು ಬಿದ್ದು ನಕ್ಕರು. ರೊಟ್ಟಿ ಯಾಕೆ ದಪ್ಪಗಾಯಿತು ಎಂದು ಒಬ್ಬನಾದರೂ ಕೇಳಲಿಲ್ಲ. ಹೆಂಗಸಿನ ಕೈ ಅಂದರೆ ಮನೆಯವರಿಗೆ ಬಾವಿ ಹಗ್ಗ. ನೀರು ಬರುವವರೆಗೆ ಯಾರೂ ನೋಡುವುದಿಲ್ಲ, ಹರಿದ ದಿನ ಮಾತ್ರ ಹಗ್ಗದ ಮೇಲೇ ಸಿಟ್ಟು.

ಧನುರ್ಮಾಸದಲ್ಲಿ ವೀರಪ್ಪ ಬಂದು ಅವ್ವನನ್ನು ರೈಲಿನಲ್ಲಿ ಕರೆದುಕೊಂಡು ಹೋದ. ಸ್ಟೇಷನ್ನಿನಲ್ಲಿ ಶಿವಯೋಗಪ್ಪ ಗಂಟು ಎತ್ತಿ ಕೊಡುವಾಗ ಒಮ್ಮೆ ಬಾಯಿ ತೆರೆದ.

"ಅಣ್ಣಾ, ಅವ್ವನ ಕೈಗೆ ಜಾಸ್ತಿ ಕೆಲಸ..."

"ಏನೋ?"

"ಏನಿಲ್ಲ. ಹೋಗ್ಬನ್ನಿ."

ರೈಲು ಹೋಯಿತು.

ಅಪ್ಪ ಮಗ ಇಬ್ಬರೇ ಉಳಿದ ಮನೆಯಲ್ಲಿ ಮೂರು ಹೊತ್ತೂ ಅವರೆಕಾಳಿನ ಹುಳಿ. ಉಜ್ಜನಪ್ಪನಿಗೆ ಬರುತ್ತಿದ್ದದ್ದು ಅದೊಂದೇ. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಕಾರ್ಡು ಬಂತು: ಹೆಣ್ಣು ಮಗು, ಇಬ್ಬರೂ ಆರೋಗ್ಯ.

"ಎರಡನೇದೂ ಹೆಣ್ಣು" ಎಂದ ಶಿವಯೋಗಪ್ಪ.

"ಆಗಲಿ. ನಿನ್ನಂಥ ಗಂಡು ಹುಟ್ಟಿ ಏನು ಕಡಿದು ಗುಡ್ಡೆ ಹಾಕಿದೆ?" ಎಂದರು ಅಪ್ಪ, ಹುಳಿ ಬಡಿಸುತ್ತ.

ಮಗು ಹುಟ್ಟಿ ಎರಡು ವಾರವಾದ ಮೇಲೆ ಒಂದು ಶನಿವಾರ ಸಂಜೆಯ ರೈಲಿಗೆ ಶಿವಯೋಗಪ್ಪ ಶಿವಮೊಗ್ಗಕ್ಕೆ ಹೋದ. ಚೀಲದಲ್ಲಿ ಕೊಬ್ಬರಿ, ಬೆಲ್ಲ, ಬೆಳ್ಳುಳ್ಳಿ. ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಯವರು ಗಜಕಡ್ಡಿ ಬೀಸುತ್ತ "ಬನ್ನಿ ಸಾಹೇಬ್ರೇ, ಬರ್ರಿ ಅಮ್ಮಾವ್ರೇ" ಎಂದು ಕೂಗುತ್ತಿದ್ದರು. ಹೊಸ ಬಟ್ಟೆಯ ಗಂಜಿ, ಮೆಣಸಿನಕಾಯಿ ಮೂಟೆ, ಎಳ್ಳೆಣ್ಣೆ ಎಲ್ಲ ಕಲೆತು ಬರುವ ಆ ಬಜಾರಿನ ವಾಸನೆ ಅವನಿಗೆ ಚಿಕ್ಕಂದಿನಿಂದಲೂ ಹಬ್ಬದ ವಾಸನೆ. ಅಣ್ಣನ ಮನೆಯ ಹೊಸಿಲು ದಾಟಿದ ಕೂಡಲೇ ಹಬ್ಬ ಇಳಿದುಹೋಯಿತು. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಜಗದಾಂಬಾ ಕಂಬಳಿ ಹೊದ್ದು, ತಲೆಗೆ ಬಟ್ಟೆ ಕಟ್ಟಿಕೊಂಡು ಮಗುವಿನ ಪಕ್ಕ ಕೂತಿದ್ದಳು. ದಾಕ್ಷಾಯಣಮ್ಮ ಒಲೆಯ ಮುಂದೆ. ಊಟಕ್ಕೆ ಕೂತಾಗ ಶಿವಯೋಗಪ್ಪನೇ ಕೇಳಿದ.

"ಮಗೂಗೆ ಎಣ್ಣೆ ನೀರು ಹಾಕಿಲ್ವಾ ಅತ್ತಿಗೆ? ಮೈಯೆಲ್ಲ ಒಣಗಿದ ಹಾಗಿದೆ."

"ನಿಮ್ಮವ್ವನ್ನ ಕೇಳು."

"ಹೊಕ್ಕಳು ಬೀಳಲಿ ಅಂದಿದ್ದೆ" ಎಂದಳು ದಾಕ್ಷಾಯಣಮ್ಮ, ಸಾರಿನ ಪಾತ್ರೆಯನ್ನು ಎರಡೂ ಮುಂಗೈಯಿಂದ ಅಮುಕಿ ಹಿಡಿದು.

"ಹೊಕ್ಕಳು ಬಿದ್ದು ಎಂಟು ದಿನ ಆಯ್ತು ಶಿವಯೋಗಿ. ಆಮೇಲೆ ಮಂಗಳವಾರ ಬೇಡ ಅಂದ್ರು, ಮಾರನೇ ದಿನ ಚಳಿಗಾಳಿ ಅಂದ್ರು. ಕೂಸುಗಳಿಗೆ ಎರೆಯೋ ಹೂವಮ್ಮ ಕೀಲುಜ್ವರ ಬಂದು ಮಲಗಿದಾಳೆ. ನಾನು ನೆಲದ ಮೇಲೆ ಕೂರೋ ಹಾಗಿಲ್ಲ. ಹದಿನಾಲ್ಕು ದಿನದಿಂದ ಮಗೂನ ಒದ್ದೆ ಬಟ್ಟೇಲಿ ಒರೆಸ್ತಾ ಇದೀನಿ. ಎರೆಯೋದಿರಲಿ, ಒಂದು ಸಲ ಎತ್ತಿಕೊಂಡಿಲ್ಲ ನಿಮ್ಮವ್ವ. ಮೊದಲನೇದು ಹುಟ್ಟಿದಾಗ ಕೆಳಗೇ ಇಳಿಸ್ತಿರಲಿಲ್ಲ. ಇದು ಎರಡನೇ ಹೆಣ್ಣಲ್ವಾ?"

"ಜಗದಾಂಬಾ, ಹಂಗನ್ನಬೇಡ ಕಣೇ" ಎಂದಳು ಅತ್ತೆ.

"ಮತ್ತೆ ಹೆಂಗನ್ನಲಿ? ಗಂಡಾಗಿದ್ರೆ ಕೈ ಮುಂದೆ ಬರ್ತಿತ್ತು."

ವೀರಪ್ಪ ತಟ್ಟೆ ನೋಡುತ್ತಲೇ ಗೊಣಗಿದ. "ಅಂಗಡೀಲೂ ಮಾತು, ಮನೇಲೂ ಮಾತು. ಅವ್ವ, ಮನಸ್ಸಿಲ್ಲದಿದ್ರೆ ಬಾಯಿಬಿಟ್ಟು ಹೇಳು. ಬೇರೆ ಯಾರನ್ನಾದ್ರೂ ಹುಡುಕ್ತೀನಿ."

ಶಿವಯೋಗಪ್ಪ ತಟ್ಟೆ ಸರಿಸಿದ. ಅವನ ಸಿಟ್ಟಿಗೆ ಮುಂದೆ ಹಿಂದೆ ಇರಲಿಲ್ಲ.

"ಅಲ್ಲವ್ವ, ನೀನೂ ಹಿಂಗೇನಾ? ಊರವರ ಹೆಣ್ಣುಮಕ್ಕಳಿಗೆಲ್ಲ ಎರೆದೋಳು ನೀನು. ಮಗಂದೇ ಮಗು ಮುಟ್ಟಕ್ಕೆ ಅಸಹ್ಯನಾ? ನಾಚಿಕೆ ಆಗಲ್ವಾ?"

ದಾಕ್ಷಾಯಣಮ್ಮ ಅವನನ್ನೇ ನೋಡಿದಳು. ಆಮೇಲೆ, "ಕೈ ಒಣಗುತ್ತೆ, ಉಣ್ಣು" ಎಂದು ಒಳಗೆ ಹೋದಳು. ಸಂಕ್ರಾಂತಿ ಹೊತ್ತಿಗೆ ಸರಿಹೋಗುತ್ತದೆ ಎಂದು ಮಗನೇ ಹೇಳಿದ್ದ. ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಸರಿಹೋಗದ ತಪ್ಪು ತನ್ನ ಕೈಯದೇ ಎಂದು ಅವಳು ತಿಳಿದಿದ್ದಳು. ಇದು ಶಿವಯೋಗಪ್ಪನಿಗೆ ಅರ್ಥವಾಗಲು ಮಾರನೇ ಬೆಳಗು ಬರಬೇಕಾಯಿತು.

ಬೆಳಗ್ಗೆ ಹಾಲು ತರಲು ಚೊಂಬು ಹುಡುಕುತ್ತ ಅಡುಗೆಮನೆ ಬಾಗಿಲು ತಳ್ಳಿದ. ಕಿಟಕಿಯಲ್ಲಿ ಆಗಷ್ಟೇ ಬೆಳಕು ಬಂದಿತ್ತು. ಅವ್ವ ಪೂಜೆಗೆ ಕೂತಿದ್ದಳು. ಕರಡಿಗೆಯ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದಳು. ಎಡಗೈ ತೊಡೆಯ ಮೇಲೆ ಮಡಚಿ ಬಿದ್ದಿತ್ತು. ಬಲಗೈಯ ಬುಡದಿಂದ ಆ ಬೆರಳುಗಳನ್ನು ಒತ್ತಿದಳು. ಬಿಚ್ಚಲಿಲ್ಲ. ಮತ್ತೆ ಒತ್ತಿದಳು, ಮುಖ ಕಿವುಚಿಕೊಂಡಳು. ಕೊನೆಗೆ ಒಂದು ಬಟ್ಟಲನ್ನು ಬೋರಲು ಹಾಕಿ, ಅದರ ಮೇಲೆ ಲಿಂಗವನ್ನು ಇಟ್ಟು, ಹಣೆ ನೆಲಕ್ಕೆ ಹಚ್ಚಿದಳು.

"ತಪ್ಪಾಯ್ತು ತಂದೆ. ಇವತ್ತೊಂದು ದಿನ ಕೂತ್ಕೋ. ನಾಳೆ ಕೈ ಕೊಡ್ತೀನಿ."

ಅಂಗೈ ಇರಬೇಕಾದ ಕಡೆ ಬಟ್ಟಲು. ಮೂವತ್ತು ವರ್ಷದ ನೇಮ. ಮೊದಲ ಸೈರನ್ನಿಗೆ ಮುಂಚೆಯೇ ಪೂಜೆ ಮುಗಿಯುತ್ತಿದ್ದದ್ದು ಕೈ ಸರಿಹೋಗಿ ಅಲ್ಲ, ಯಾರೂ ನೋಡದಿರಲಿ ಎಂದು.

ಶಿವಯೋಗಪ್ಪ ಬಾಗಿಲನ್ನು ಪೂರಾ ತಳ್ಳಿ ಒಳಗೆ ಬಂದ. ಅವಳು ಬೆಚ್ಚಿ ತಿರುಗಿದಳು, ಸೆರಗಿನಿಂದ ಬಟ್ಟಲು ಮುಚ್ಚಲು ಹೋದಳು.

"ಎಷ್ಟು ದಿನದಿಂದ ಅವ್ವ?"

"ಕೂಗಬೇಡ್ವೋ. ಆ ಹುಡುಗಿಗೆ ಕೇಳುತ್ತೆ."

"ಕೇಳಲಿ! ಎಷ್ಟು ದಿನದಿಂದ?"

"ಸರಿಹೋಗ್ತಾ ಇದೆ. ಗಣಪಯ್ಯ ಹೇಳಿಲ್ವಾ, ಸಂಕ್ರಾಂತಿ ಅಂತ. ನಂಗೆ ಸ್ವಲ್ಪ ತಡ ಆಯ್ತು ಅಷ್ಟೇ. ನಾನೇ ಏನೋ ಪಥ್ಯ ತಪ್ಪಿರಬೇಕು."

ಸದ್ದಿಗೆ ವೀರಪ್ಪ ಎದ್ದು ಬಂದ. ಗೋಡೆ ಹಿಡಿದು ಜಗದಾಂಬಾಳೂ ಬಾಗಿಲಿಗೆ ಬಂದಳು. ಬೋರಲು ಬಟ್ಟಲು, ಅದರ ಮೇಲಿನ ಲಿಂಗ, ಅತ್ತೆಯ ಮಡಚಿದ ಕೈ, ಮೂರನ್ನೂ ಒಟ್ಟಿಗೆ ನೋಡಿದಳು.

"ಅತ್ತೆ... ಇದಕ್ಕೇನಾ ಮಗು ಎತ್ತಿಲ್ಲ?"

"ಜಾರಿದ್ರೆ ಏನ್ ಮಾಡ್ಲವ್ವ? ಮೊನ್ನೆ ಸೇರು ಅಕ್ಕಿ ಹಿಡಿದಿದ್ದೆ, ಬಿದ್ದಿದ್ದೇ ಗೊತ್ತಾಗ್ಲಿಲ್ಲ. ಬಿಸಿನೀರಲ್ಲಿ, ಎಣ್ಣೆ ಮೈ ಕೂಸು... ಎರಡನೇದೂ ಹೆಣ್ಣು ಅಂತ ಮುಟ್ಟಲ್ಲ ಅಂತ ನೀನಂದಾಗ, ಅಂದ್ಕೊಳ್ಳಲಿ ಬಿಡು, ಕೂಸು ಬದುಕಿರುತ್ತಲ್ಲ ಅಂತ ಸುಮ್ಮನಾದೆ."

"ಹೇಳಬಾರದಿತ್ತಾ?"

"ಬಾಣಂತನ ಮಾಡಕ್ಕೆ ಬಂದೋಳು, ನಂಗೆ ಕೈಯಿಲ್ಲ ಅಂತ ಹೇಳಲಾ? ಊಟ ಮಾಡಕ್ಕೆ ಬಂದಿದಾಳೆ ಅಂತೀರಲ್ಲ!"

"ಯಾರಂತಾರೆ ಹಂಗೆ?" ಎಂದು ವೀರಪ್ಪ ಜೋರು ಮಾಡಿದ. ನಿನ್ನೆಯ ತನ್ನ ಮಾತು ನೆನಪಾಗಿ ಅಲ್ಲಿಗೇ ನಿಲ್ಲಿಸಿದ.

ಜಗದಾಂಬಾ ನಿಧಾನವಾಗಿ ಅತ್ತೆಯ ಪಕ್ಕ ಒಂದು ಮಣೆಯ ಮೇಲೆ ಕೂತಳು. ಹಸಿ ಬಾಣಂತಿ, ಕೂರುವಾಗ ನೋವಿಗೆ ಹಲ್ಲು ಕಚ್ಚಿದಳು. ಅತ್ತೆಯ ಎಡಗೈಯನ್ನು ತನ್ನ ಅಂಗೈ ಮೇಲೆ ತೆಗೆದುಕೊಂಡಳು. ಬೆರಳುಗಳು ಎಷ್ಟು ಬಿಚ್ಚಿದವೋ ಅಷ್ಟೇ ಸಾಕೆನ್ನುವಂತೆ ಕೆಳಗಿನಿಂದ ಆತು ಹಿಡಿದಳು.

"ಇಡಿ ಈಗ ಲಿಂಗ. ಬೀಳಲ್ಲ. ಇಷ್ಟಕ್ಕೆ ಹದಿನಾಲ್ಕು ದಿನ ನನ್ನ ಬಾಯಿಂದ ಅನ್ನಿಸ್ಕೊಂಡ್ರಾ? ಥೂ ನನ್ನ ನಾಲಿಗೆಗಿಷ್ಟು."

ಪೂಜೆ ಮುಗಿಯುವವರೆಗೆ ಗಂಡಸರಿಬ್ಬರೂ ಬಾಗಿಲಲ್ಲೇ ನಿಂತರು. ಶಿವಯೋಗಪ್ಪನಿಗೆ ಓಡಿಹೋಗಬೇಕೆನಿಸಿತು. ಯಾರ ಮೇಲಾದರೂ ರೇಗಬೇಕೆನಿಸಿತು. ಗಣಪಯ್ಯನ ಮೇಲೆ, ಅಣ್ಣನ ಮೇಲೆ, ಸೊಳ್ಳೆಯ ಮೇಲೆ. ಎಲ್ಲಿ ತಿರುಗಿದರೂ ಸಿಟ್ಟು ಸುತ್ತಿ ಬಂದು ತನ್ನ ಕಾಲಿಗೇ ಸುತ್ತಿಕೊಳ್ಳುತ್ತಿತ್ತು.

"ಅವ್ವ, ಗಣಪಯ್ಯ ಸಂಕ್ರಾಂತಿ ಅಂತ ಹೇಳಿರಲಿಲ್ಲ" ಎಂದ.

"ಮತ್ತೆ?"

"ನಾನು ಸುಳ್ಳು ಹೇಳಿದ್ದೆ. ಅವರು ಮೊದಲೇ ಹೇಳಿದ್ರು, ನಿಂಗೆ ಬೇಗ ಹೋಗಲ್ಲ ಅಂತ. ಒರಳು ಮುಟ್ಟಿಸಬೇಡ ಅಂದಿದ್ರು. ಕೈಯಿಂದ ಹಿಡಿದದ್ದು ಬೀಳುತ್ತೆ ಅಂತಾನೂ ಹೇಳಿದ್ರು. ನಾನೇ ಅವರನ್ನ ಬೈದು ಬಂದೆ."

"ಗೊತ್ತಿತ್ತೇನೋ ನಿಂಗೆ?" ವೀರಪ್ಪ ಅವನ ಅಂಗಿ ಹಿಡಿದ. "ಗೊತ್ತಿದ್ದೂ ಸ್ಟೇಷನ್ನಲ್ಲಿ ಬಾಯಿ ಮುಚ್ಚಿಕೊಂಡು ಗಂಟು ಎತ್ತಿಕೊಟ್ಟೆಯಾ? ನಿನ್ನೆ ಅವಳಿಗೇ ನಾಚಿಕೆ ಇಲ್ವಾ ಅಂದೆಯಾ?"

"ಹೊಡಿ" ಎಂದ ಶಿವಯೋಗಪ್ಪ. ಜೀವಮಾನದಲ್ಲಿ ಮೊದಲ ಸಲ ಕೈ ಎತ್ತದೆ ನಿಂತಿದ್ದ.

"ಬಿಡೋ ಅವನನ್ನ" ಎಂದಳು ದಾಕ್ಷಾಯಣಮ್ಮ. ಅವಳ ದನಿಯಲ್ಲಿ ಕರುಣೆ ಇರಲಿಲ್ಲ. ಇಷ್ಟು ದಿನ ಹೊತ್ತ ಹೊರೆ ತನ್ನದಲ್ಲ ಎಂದು ತಿಳಿದಾಗ ಬರುವ ಆಯಾಸವಿತ್ತು. "ನಾನು ಪಥ್ಯ ತಪ್ಪಿದ್ದೇ ಅಂದ್ಕೊಂಡು ಮೆಣಸಿನಕಾಯಿ ಬಿಟ್ಟೆ, ಮಜ್ಜಿಗೆ ಬಿಟ್ಟೆ. ದಿನಾ ಶಿವನ ಹತ್ರ ತಪ್ಪು ಒಪ್ಪಿಕೊಂಡೆ. ನಂದಲ್ಲದ ತಪ್ಪು. ಹೇಳಿದ್ರೆ ಅಳ್ತಿದ್ದೆ, ಎರಡು ದಿನ. ಆಮೇಲೆ ಏನಾದ್ರೂ ದಾರಿ ನೋಡ್ತಿದ್ವಿ."

ಒಳಗೆ ಮಗು ಅಳತೊಡಗಿತು. ಆಗ ದಾಕ್ಷಾಯಣಮ್ಮ ಎದ್ದು ಬಚ್ಚಲ ಕಡೆ ನೋಡಿದಳು. ಹಂಡೆಯ ಕೆಳಗೆ ಉರಿ ಹಾಕಿಯೇ ಇದ್ದಳು. ಇಷ್ಟು ದಿನವೂ ದಿನಾ ನೀರು ಕಾಯಿಸಿ, ದಿನಾ ಧೈರ್ಯ ಸಾಲದೆ ಬಾಣಂತಿಯ ಸ್ನಾನಕ್ಕಷ್ಟೇ ಬಿಟ್ಟು ಸುಮ್ಮನಾಗುತ್ತಿದ್ದಳು.

"ಶಿವಯೋಗಿ, ಪಂಚೆ ಮೇಲೆ ಕಟ್ಟು. ಬಚ್ಚಲಲ್ಲಿ ಕೂರು."

"ನಾನಾ?"

"ಮತ್ತೆ ನಾನಾ?"

"ಅವ್ವ, ಗಂಡಸರು..." ಎಂದು ವೀರಪ್ಪ ಶುರು ಮಾಡಿದ.

"ಗಂಡಸರು ಬೆಳೆದದ್ದೂ ಈ ನೀರಲ್ಲಿ ತೊಳೆಸಿಕೊಂಡೇ. ಸುಮ್ಮನಿರು ನೀನು."

ಶಿವಯೋಗಪ್ಪ ಮಣೆ ಹಾಕಿಕೊಂಡು ಕಾಲು ಚಾಚಿ ಕೂತ. ಜಗದಾಂಬಾ ಮಗುವಿಗೆ ಎಣ್ಣೆ ಹಚ್ಚಿ ತಂದು ಅವನ ಕಾಲ ಮೇಲೆ ಮಲಗಿಸಿದಳು. ಅಂಗೈ ಅಗಲದ ಮುಖ, ಕೆಂಪು ಕಾಲು. ಒಂದು ಕಬ್ಬಿಣದ ಬಾಣಲೆಗಿರುವ ತೂಕದ ಹತ್ತರಲ್ಲೊಂದು ಪಾಲೂ ಇರಲಿಲ್ಲ, ಆದರೂ ಅವನು ಎರಡೂ ಕೈಯಿಂದ ಆನಿಸಿಕೊಂಡ.

"ನೀರನ್ನ ಮೊಣಕೈ ಮೇಲೆ ಬಿಟ್ಕೊಂಡು ನೋಡು. ಅಂಗೈ ಮೇಲಲ್ಲ. ಬೆಂಕಿ ಮುಂದೆ ಬೆಂದು ನಿನ್ನ ಅಂಗೈ ಕಲ್ಲಾಗಿದೆ, ಅದಕ್ಕೇನು ಗೊತ್ತಾಗುತ್ತೆ."

"ಬಿಸಿ ಇದೆ."

"ಒಂದು ಚೊಂಬು ತಣ್ಣೀರು ಬೆರೆಸು. ಹಾಂ. ಮೊದಲು ಕಾಲಿಗೆ. ಧಾರೆ ಕಟ್ಟಿ ಎರಿ, ಸುರೀಬೇಡ. ಎಡಗೈ ಎಲ್ಲಿದೆ? ಕತ್ತಿನ ಕೆಳಗೆ ಇರಬೇಕು ಯಾವಾಗ್ಲೂ. ನಿನ್ನ ಜೀವ ಹೋದ್ರೂ ಆ ಕೈ ತೆಗೆಯಂಗಿಲ್ಲ."

ಮಗು ಕಿರುಚಿತು. ಗೋಡೆಯ ಆಚೆಯಿಂದ ಪಕ್ಕದ ಮನೆಯ ಸೀತಾಲಕ್ಷ್ಮಿ ಇಣುಕಿ, "ಅಯ್ಯೋ, ಇದೇನ್ರೀ, ಗಂಡು ಸೂಲಗಿತ್ತಿ!" ಎಂದು ಬಾಯಿಗೆ ಸೆರಗು ಹಿಡಿದಳು.

"ಹೌದ್ರೀ. ನಿಮ್ಮ ಮನೇಲಿ ಹೆರಿಗೆ ಆದ್ರೆ ಕಳಿಸ್ತೀನಿ" ಎಂದಳು ಜಗದಾಂಬಾ. ಎರಡು ವಾರದಲ್ಲಿ ಅವಳಾಡಿದ ಮೊದಲ ನಗೆಮಾತು ಅದು.

ನೀರು ಹೊಟ್ಟೆಗೆ, ಎದೆಗೆ, ಬೆರಳಿನಿಂದ ತಡೆದು ನೆತ್ತಿಗೆ. ಅವ್ವ ಬಾಗಿಲಲ್ಲಿ ಕೂತು ಮಾತಿನಿಂದಲೇ ಎರೆಯುತ್ತಿದ್ದಳು, ಅವಳ ಮಡಚಿದ ಕೈಗಳು ತೊಡೆಯ ಮೇಲೆ ತಾವೇ ಚೊಂಬು ಎತ್ತಿದಂತೆ ಅಲುಗುತ್ತಿದ್ದವು. ಹಿಂದೆ ಎಷ್ಟು ಮಕ್ಕಳು ಆ ಕೈಗಳಲ್ಲಿ ಹೊರಳಿದ್ದವೋ. ಶಿವಯೋಗಪ್ಪ ಅದನ್ನು ನೋಡಿದ, ಮತ್ತೆ ನೋಡಲಾರದೆ ಮಗುವಿನ ಕಡೆ ತಿರುಗಿದ.

"ಎಷ್ಟು ದಿನ ಅಂದ್ರೋ ಗಣಪಯ್ಯ? ಈಗ ನಿಜ ಹೇಳು."

"ವರ್ಷ."

"ಹೂಂ."

"ಜಾಸ್ತಿನೂ ಆಗಬಹುದಂತೆ. ಪೂರಾ ಹೋಗದೇನೂ ಇರಬಹುದಂತೆ."

ಹಂಡೆಯ ಕೆಳಗೆ ಸೌದೆ ಚಟಚಟ ಎಂದಿತು. ದಾಕ್ಷಾಯಣಮ್ಮ ತನ್ನ ಕೈಗಳನ್ನು ಒಂದು ಸಲ ತಿರುಗಿಸಿ ನೋಡಿಕೊಂಡಳು, ಅಂಗಡಿಯಲ್ಲಿ ಬೇಡವಾದ ಸೀರೆಯನ್ನು ವಾಪಸು ಕೊಡುವ ಮುಂಚೆ ನೋಡುವ ಹಾಗೆ. ಕಣ್ಣೀರು ಬಂತು. ಅವಳು ಅದನ್ನು ಒರೆಸಲಿಲ್ಲ, ಇದ್ದಷ್ಟು ಹೊತ್ತು ಇರಲಿ ಎಂದು ಬಿಟ್ಟಳು. ಆಮೇಲೆ ದನಿ ಸರಿಮಾಡಿಕೊಂಡಳು.

"ವೀರಪ್ಪಾ, ಬಾಗಿಲಲ್ಲಿ ಕಂಬದ ಹಾಗೆ ನಿಲ್ಲಬೇಡ. ಅಂಗಿ ತೆಗೆದಿಟ್ಟು ಇಲ್ಲಿ ಬಂದು ಕೂರು. ಇವನು ನಾಳೆ ಭದ್ರಾವತಿಗೆ ಹೋಗ್ತಾನೆ, ನಾಳೆಯಿಂದ ನೀನೇ. ಮಗೂನ ಬೋರಲು ಹಾಕೋದು ಹೇಗೆ ಅಂತ ಹೇಳ್ತೀನಿ, ಇಬ್ಬರೂ ಸರಿಯಾಗಿ ನೋಡ್ಕೊಳ್ಳಿ."

ವೀರಪ್ಪ ಅಂಗಿ ಬಿಚ್ಚತೊಡಗಿದ.